ಸಹಾಯ ಬೇಕು: ಒಂದು ವರ್ಷದ ಕಂಪ್ಯೂಟರ್ ‘ಡಿಪ್ಲೊಮಾ’ಗೆ ಸೇರಿಸಬಹುದಾ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ತಂಗಿಯ ಮಗ ಕಾಮರ್ಸ್‌ನಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದ್ದಾನೆ. ಬಿಕಾಂ ಬೇಡವಂತೆ, ಕಂಪ್ಯೂಟರ್ ಲೈನೇ ಬೇಕಂತೆ. ಇಲ್ಲೊಂದು ಖಾಸಗಿ ಕಾಲೇಜಿನಲ್ಲಿ ಒಂದು ವರ್ಷದ ‘ಡಿಪ್ಲೊಮಾ’ ಇದೆ. ವೆಬ್ ಡಿಸೈನ್, ಡಿಜಿಟಲ್ ಮಾರ್ಕೆಟಿಂಗ್, ಜೊತೆಗೆ ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್. ಫೀಸು 85,000 ರೂಪಾಯಿ.

ಮೊನ್ನೆ ಹೋಗಿ ನೋಡಿ ಬಂದೆ. ರಿಸೆಪ್ಷನ್ ಜೋರಾಗಿದೆ, ಲ್ಯಾಬ್ ಮಾತ್ರ ತೋರಿಸಲಿಲ್ಲ! ಎಐಸಿಟಿಇ (ತಾಂತ್ರಿಕ ಕೋರ್ಸುಗಳಿಗೆ ಅನುಮತಿ ಕೊಡೋ ಕೇಂದ್ರದ ಸಂಸ್ಥೆ) ಮಾನ್ಯತೆ ಇದೆಯಾ ಅಂತ ಕೇಳಿದರೆ ಗೋಡೆಯ ಮೇಲಿನ ಐಎಸ್‌ಒ ಸರ್ಟಿಫಿಕೇಟ್ ತೋರಿಸಿದರು. ಅದು ಸಂಸ್ಥೆ ನಡೆಸುವ ರೀತಿಗೆ ಕೊಡೋದು, ಕೋರ್ಸಿಗಲ್ಲ ಅಲ್ವಾ? ಪಾಲಿಟೆಕ್ನಿಕ್‌ನ 3 ವರ್ಷದ ಡಿಪ್ಲೊಮಾ ಆಗಿದ್ದರೆ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು. ಇದರಲ್ಲಿ ಆ ದಾರಿ ಇಲ್ಲ.

‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅಂತಾರೆ. ಯಾವ ಕಂಪನಿ, ಎಷ್ಟು ಸಂಬಳ ಅಂದರೆ ಉತ್ತರ ಇಲ್ಲ. ಫೀಸಿಗೆ ಲೋನ್ ಮಾಡಿಸಿಕೊಡ್ತಾರಂತೆ, ಆದರೆ ಅವತ್ತೇ ಸಹಿ ಹಾಕಬೇಕಂತೆ. ಹುಡುಗ ಮಧ್ಯದಲ್ಲಿ ಬಿಟ್ಟರೂ ಕಂತು ನಿಲ್ಲಲ್ಲ. ನನಗೆ ಭಯ ಇರೋದು ಅದರದ್ದೇ.

ಇಂಥ ಕೋರ್ಸ್ ಮಾಡಿ ನಿಜವಾಗಿ ಕೆಲಸ ಸಿಕ್ಕವರು ಇದ್ದೀರಾ? ಇಂಟರ್‌ವ್ಯೂನಲ್ಲಿ ಸರ್ಟಿಫಿಕೇಟ್ ಕೇಳಿದರಾ, ಅಥವಾ ನೀವು ಮಾಡಿದ ಕೆಲಸ ತೋರಿಸಿ ಅಂದರಾ? ಬಿಸಿಎಗೆ ಸೇರಿಸಿ, ಪಕ್ಕದಲ್ಲೇ ಇದನ್ನೆಲ್ಲ ಕಲಿಸೋದು ವಾಸಿ ಅಂತ ನನ್ನ ಲೆಕ್ಕ. ಹುಡುಗ ಒಪ್ಪುತ್ತಿಲ್ಲ. ಸೋಮವಾರದೊಳಗೆ ಹೇಳಬೇಕು. ಗೊತ್ತಿದ್ದವರು ದಯವಿಟ್ಟು ತಿಳಿಸಿ.