‘ರಾಜೀನಾಮೆ’ಯೊಳಗಿನ ರಾಜಿ: ಅರ್ಥ, ಬಳಕೆ ಮತ್ತು ಸಮಾನಪದಗಳು

‘ಸಚಿವರ ರಾಜೀನಾಮೆ ಪಡೆದ ಮುಖ್ಯಮಂತ್ರಿ’ ಎಂಬಂಥ ತಲೆಬರಹ ನಮ್ಮ ಪತ್ರಿಕೆಗಳಲ್ಲಿ ಅಪರೂಪವಲ್ಲ. ಒತ್ತಾಯದಿಂದ ಬರೆಸಿಕೊಂಡದ್ದನ್ನು ರಾಜೀನಾಮೆ ಎನ್ನಬಹುದೇ, ಅದರ ಬದಲು ‘ತ್ಯಾಗಪತ್ರ’ ಅಥವಾ ‘ಪದತ್ಯಾಗ’ ಎಂದು ಬರೆಯುವುದು ಮೇಲಲ್ಲವೇ, ರಾಜಿ ಮಾಡಿಕೊಳ್ಳುವುದಕ್ಕೂ ರಾಜೀನಾಮೆ ಕೊಡುವುದಕ್ಕೂ ನಂಟಿದೆಯೇ ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ. ಕೊನೆಯ ಪ್ರಶ್ನೆಯನ್ನು ಮೊದಲು ಬಿಡಿಸಿಕೊಂಡರೆ ಉಳಿದೆರಡರ ದಾರಿ ಸುಗಮವಾಗುತ್ತದೆ.

ನಂಟು ಇದೆ, ಅದೂ ರಕ್ತಸಂಬಂಧವೇ. ‘ರಾಜಿ’ ಎಂಬುದು ಒಪ್ಪಿದ, ಸಮ್ಮತಿಸಿದ ಎಂಬರ್ಥದಲ್ಲಿ ಅರಬ್ಬಿಯಿಂದ ಪಾರಸಿಗೆ, ಅಲ್ಲಿಂದ ನಮ್ಮ ಕಚೇರಿಗಳಿಗೆ ಬಂದ ಪದ. ‘ನಾಮೆ’ ಎಂದರೆ ಪಾರಸಿಯಲ್ಲಿ ಪತ್ರ. ಪಂಚನಾಮೆ, ವಕಾಲತ್ತುನಾಮೆಗಳಲ್ಲಿ ಇರುವುದೂ ಅದೇ. ಆದ್ದರಿಂದ ರಾಜೀನಾಮೆಯ ಮೂಲಾರ್ಥ ಒಪ್ಪಿಗೆಪತ್ರ. ‘ರಾಜಿ’ಯನ್ನು ಹ್ರಸ್ವದಲ್ಲಿಯೂ ‘ರಾಜೀನಾಮೆ’ಯನ್ನು ದೀರ್ಘದಲ್ಲಿಯೂ ಬರೆಯುವುದು ರೂಢಿಯಾಗಿರುವುದರಿಂದ ಈ ಎರಡು ಪದಗಳು ಒಂದೇ ಮನೆಯವು ಎಂಬುದು ಕಣ್ಣಿಗೆ ಬೀಳುವುದಿಲ್ಲ. ರಾಜನಿಗೂ ಸಂಸ್ಕೃತದ ‘ನಾಮ’ಕ್ಕೂ ಇದರಲ್ಲಿ ಪಾಲಿಲ್ಲ. ‘ರಾಜೀನಾಮೆ ಪತ್ರ’ ಎಂಬುದು ಲೆಕ್ಕಕ್ಕೆ ‘ಪತ್ರಪತ್ರ’ವಾದರೂ ರೂಢಿ ಅದನ್ನು ಒಪ್ಪಿಕೊಂಡಾಗಿದೆ, ಅದರ ಮೇಲೆ ಜಗಳ ಬೇಡ.

ಒಪ್ಪಿಗೆಯ ಪತ್ರ ಬಿಟ್ಟುಹೋಗುವ ಪತ್ರವಾದದ್ದು ಹೇಗೆ? ಉತ್ತರ ಕಂದಾಯ ಕಚೇರಿಯಲ್ಲಿದೆ. ಮುಂಬಯಿ ಪ್ರಾಂತದ 1879ರ ಭೂ ಕಂದಾಯ ಸಂಹಿತೆಯ ಕಾಲದಲ್ಲಿ, ಅಂದರೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕಡೆಯೂ, ಸಾಗುವಳಿದಾರನೊಬ್ಬ ತನ್ನ ಜಮೀನಿನ ಹಿಡುವಳಿಯನ್ನು ಬಿಟ್ಟುಕೊಡುವಾಗ ಸರ್ಕಾರಕ್ಕೆ ಬರೆದುಕೊಡುತ್ತಿದ್ದ ಕಾಗದಕ್ಕೆ ರಾಜೀನಾಮೆ ಎಂದೂ, ಅದೇ ಜಮೀನನ್ನು ವಹಿಸಿಕೊಳ್ಳುವವನು ಕಂದಾಯಕ್ಕೆ ಒಪ್ಪಿ ಬರೆದುಕೊಡುತ್ತಿದ್ದ ಕಾಗದಕ್ಕೆ ಕಬುಲಾಯತ್ ಎಂದೂ ಹೆಸರಿತ್ತು. ‘ಈ ಜಮೀನು ಬಿಡಲು ನಾನು ರಾಜಿ’ ಎಂಬುದು ಒಂದು ಪತ್ರದ ಸಾರ, ‘ಹಿಡಿಯಲು ನಾನು ಕಬೂಲು’ ಎಂಬುದು ಇನ್ನೊಂದರ ಸಾರ. ಗೌಡಿಕೆ, ಕುಲಕರ್ಣಿಕೆಗಳಂಥ ವತನಗಳಲ್ಲಿ ಹುದ್ದೆಯೂ ಜಮೀನೂ ಒಂದಕ್ಕೊಂದು ಅಂಟಿಕೊಂಡೇ ಇದ್ದುದರಿಂದ, ಜಮೀನು ಬಿಡುವ ಪದ ಹುದ್ದೆ ಬಿಡುವುದಕ್ಕೆ ಸಲೀಸಾಗಿ ಹರಿದಿರಬೇಕೆಂದು ನನ್ನ ಊಹೆ.

ಮರಾಠಿ, ಗುಜರಾತಿ, ತೆಲುಗು, ತಮಿಳುಗಳಲ್ಲಿಯೂ ಈ ಪದ ಹುದ್ದೆ ಬಿಡುವ ಅರ್ಥದಲ್ಲೇ ನಿಂತಿದೆ. ಹಿಂದಿಯಲ್ಲಿ ಮಾತ್ರ ರಾಜೀನಾಮಾ ಎಂದರೆ ಈಗಲೂ ನ್ಯಾಯಾಲಯದ ರಾಜಿಪತ್ರ. ಹುದ್ದೆ ಬಿಡುವುದಕ್ಕೆ ಅಲ್ಲಿ ಇಸ್ತೀಫಾ. ಮಲಯಾಳ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ನಾಮೆ’ಯನ್ನೇ ಕಳಚಿಹಾಕಿ, ಬರಿಯ ‘ರಾಜಿ’ಯನ್ನು ರಾಜೀನಾಮೆಗೆ ಬಳಸುತ್ತದೆ. ಮಂತ್ರಿಯೊಬ್ಬರು ‘ರಾಜಿ’ ಎಂದರೆಂದು ಮಲಯಾಳ ಪತ್ರಿಕೆ ಬರೆದರೆ ಕಾಸರಗೋಡಿನ ಕನ್ನಡಿಗ ಅದನ್ನು ಸಂಧಾನವೆಂದು ಓದಿಕೊಳ್ಳಬಾರದು. ಮಂತ್ರಿ ಮನೆಗೆ ಹೋಗಿರುತ್ತಾರೆ.

ಇನ್ನು ಸಮಾನಪದಗಳು. ‘ತ್ಯಾಗಪತ್ರ’ ಹಿಂದಿಯಲ್ಲಿ ನಿತ್ಯದ ಮಾತು, ಕನ್ನಡದಲ್ಲಿ ಅಲ್ಲ. ನಮ್ಮಲ್ಲಿ ತ್ಯಾಗ ಎಂದೊಡನೆ ದೊಡ್ಡದೊಂದನ್ನು ಬಿಟ್ಟುಕೊಟ್ಟ ಹಿರಿಮೆ ಕಿವಿಗೆ ಬೀಳುತ್ತದೆ. 1956ರಲ್ಲಿ ಅರಿಯಲೂರಿನ ರೈಲು ಅಪಘಾತದ ಹೊಣೆ ಹೊತ್ತು ರೈಲ್ವೆ ಸಚಿವ ಲಾಲ್ ಬಹದ್ದೂರ್ ಶಾಸ್ತ್ರಿಯವರು ಸ್ಥಾನ ಬಿಟ್ಟದ್ದನ್ನು ಪದತ್ಯಾಗ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ 1984ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ 4 ಮಾತ್ರ ದಕ್ಕಿದಾಗ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು, ಹೊಸ ಚುನಾವಣೆಗೆ ಹೋಗಿ, 1985ರಲ್ಲಿ ಬಹುಮತದೊಂದಿಗೆ ಮರಳಿದರು. ಅದರಲ್ಲಿ ನೈತಿಕತೆಯೂ ಇತ್ತು, ಲೆಕ್ಕಾಚಾರವೂ ಇತ್ತು. ತ್ಯಾಗ ಎಂಬ ಪದ ಅದಕ್ಕೆ ಅಳತೆ ಮೀರಿದ ಅಂಗಿಯಾಗುತ್ತದೆ. ಹೊಗಳಿಕೆಯೂ ತೆಗಳಿಕೆಯೂ ಇಲ್ಲದ ‘ರಾಜೀನಾಮೆ’ಯೇ ಅಲ್ಲಿ ಸಲ್ಲುತ್ತದೆ. ‘ವಜಾ’ ಮಾಡುವವರು ಮೇಲಿನವರು, ಅದರಲ್ಲಿ ಹೋಗುವವರ ಸಮ್ಮತಿಯ ಪ್ರಶ್ನೆಯೇ ಇಲ್ಲ. ‘ಕೊಕ್’ ಖೋ ಖೋ ಆಟದಿಂದ ತಲೆಬರಹಕ್ಕೆ ಜಿಗಿದ ಪದ, ಅಲ್ಲಿಯೇ ಇದ್ದರೆ ಚೆನ್ನ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೇಳಿಬರುವ ‘ಪೇಪರ್ ಹಾಕಿದೆ’ ಎಂಬುದು ರಾಜಕೀಯಕ್ಕೆ ಇನ್ನೂ ಬಂದಂತಿಲ್ಲ.

ಒತ್ತಾಯದ ರಾಜೀನಾಮೆಯ ಪ್ರಶ್ನೆಗೆ ಬರೋಣ. ಮೂಲದ ಒಪ್ಪಿಗೆಯ ಅರ್ಥ ನಿಘಂಟಿನಲ್ಲಿ ಮಸುಕಾದರೂ ಕಾನೂನಿನಲ್ಲಿ ಜೀವಂತವಾಗಿದೆ. ಗುಜರಾತಿನ ಚಳವಳಿಯಲ್ಲಿ ಶಾಸಕರಿಂದ ಬಲವಂತವಾಗಿ ರಾಜೀನಾಮೆ ಬರೆಸಿಕೊಂಡ ಹಿನ್ನೆಲೆಯಲ್ಲಿ 1974ರಲ್ಲಿ ಸಂವಿಧಾನಕ್ಕೆ 33ನೆಯ ತಿದ್ದುಪಡಿ ತಂದು, ರಾಜೀನಾಮೆ ಸ್ವಇಚ್ಛೆಯದಲ್ಲ ಅಥವಾ ನೈಜವಲ್ಲ ಎಂದು ಮನವರಿಕೆಯಾದರೆ ಸಭಾಧ್ಯಕ್ಷರು ಅದನ್ನು ಅಂಗೀಕರಿಸತಕ್ಕದ್ದಲ್ಲ ಎಂದು 190ನೆಯ ವಿಧಿಯಲ್ಲಿ ಸೇರಿಸಲಾಯಿತು. 2019ರ ಜುಲೈಯಲ್ಲಿ ನಮ್ಮ ಶಾಸಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟಾಗ ‘ಸ್ವಇಚ್ಛೆ’, ‘ಕ್ರಮಬದ್ಧ’, ‘ಅಂಗೀಕಾರ’ ಎಂಬ ಪದಗಳು ಮನೆಮನೆಯ ಮಾತಾದದ್ದು ಈ ವಿಧಿಯಿಂದಲೇ. ಅದೇ ವರ್ಷ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕೂಡ, ಸಭಾಧ್ಯಕ್ಷರು ನೋಡಬೇಕಾದದ್ದು ರಾಜೀನಾಮೆ ಸ್ವಇಚ್ಛೆಯದೇ, ನೈಜವೇ ಎಂಬುದನ್ನಷ್ಟೇ ಎಂದು ಹೇಳಿತು. ಹೀಗಿರುವಾಗ ಒತ್ತಾಯದಿಂದ ಪಡೆದದ್ದನ್ನು ಬರಿಯ ‘ರಾಜೀನಾಮೆ’ ಎಂದು ಬರೆದರೆ ಸುದ್ದಿಯ ಮುಖ್ಯಾಂಶವೇ ಮರೆಯಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಪ್ರೇರಣಾರ್ಥಕ ಕ್ರಿಯಾಪದ ಕೈಯಲ್ಲೇ ಇದೆ: ‘ರಾಜೀನಾಮೆ ಕೊಡಿಸಿದರು’, ‘ಬರೆಸಿಕೊಂಡರು’. ಪತ್ರಿಕೆಗಳ ‘ತಲೆದಂಡ’ವೂ ಇದೇ ಕೆಲಸಕ್ಕೆ ಹುಟ್ಟಿದ ಪ್ರಯೋಗ, ಆದರೆ ಖಾತೆ ಬದಲಾವಣೆಗೂ ತಲೆದಂಡ ಎಂದು ಬರೆಯತೊಡಗಿದ ಮೇಲೆ ಅದರ ಮೊನೆ ಮೊಂಡಾಗಿದೆ.

ಕೊನೆಯದಾಗಿ, ಹೆಚ್ಚಾಗಿ ಯಾರೂ ಎತ್ತದ ಒಂದು ವ್ಯಾಕರಣದ ತೊಡಕು. ಹಿಂದಿಯಲ್ಲಿ ಹುದ್ದೆ‘ಯಿಂದ’ ಇಸ್ತೀಫಾ, ಮರಾಠಿಯಲ್ಲಿ ಹುದ್ದೆ‘ಯ’ ರಾಜೀನಾಮಾ. ಕನ್ನಡದಲ್ಲಿ, ತೆಲುಗಿನಲ್ಲಿರುವಂತೆಯೇ, ಹುದ್ದೆ‘ಗೆ’ ರಾಜೀನಾಮೆ. ಪತ್ರ ಯಾರ ಕೈಸೇರಿತು ಎಂಬುದನ್ನೂ ನಾವು ಇದೇ ಚತುರ್ಥಿಯಲ್ಲಿ ಹೇಳುತ್ತೇವೆ: ‘ಶಾಸಕ ಸ್ಥಾನಕ್ಕೆ ರಾಜೀನಾಮೆ’, ‘ಸಭಾಧ್ಯಕ್ಷರಿಗೆ ರಾಜೀನಾಮೆ’. ಒಂದು ಸ್ಥಾನ, ಇನ್ನೊಬ್ಬರು ವ್ಯಕ್ತಿ ಆದ್ದರಿಂದ ಇಲ್ಲಿ ಗೊಂದಲವಿಲ್ಲ. ಆದರೆ ‘ಸಮಿತಿಗೆ ರಾಜೀನಾಮೆ ನೀಡಿದರು’ ಎಂದಾಗ ಸಮಿತಿಯನ್ನೇ ತೊರೆದರೋ, ಬೇರೊಂದು ಹುದ್ದೆಯನ್ನು ಬಿಟ್ಟು ಪತ್ರವನ್ನು ಸಮಿತಿಯ ಮುಂದಿಟ್ಟರೋ ತಿಳಿಯುವುದಿಲ್ಲ. ‘ಸಮಿತಿಯಿಂದ ರಾಜೀನಾಮೆ’ ಎಂದು ತಿದ್ದಿದರೆ ಸಮಿತಿಯೇ ರಾಜೀನಾಮೆ ಕೊಟ್ಟಂತೆ ಕೇಳಿಸುತ್ತದೆ. ಇಂಥ ಕಡೆ ‘ಸಮಿತಿಯ ಸದಸ್ಯತ್ವಕ್ಕೆ ರಾಜೀನಾಮೆ ನೀಡಿದರು’ ಅಥವಾ ‘ರಾಜೀನಾಮೆಯನ್ನು ಸಮಿತಿಗೆ ಸಲ್ಲಿಸಿದರು’ ಎಂದು ಬಿಡಿಸಿ ಬರೆಯುವುದೊಂದೇ ದಾರಿ.