ಓದುಗರ ಸ್ಪಂದನ: ಎರಡು ತಾಸಿನ ಗೌರವಧನ, ಇಡೀ ದಿನದ ಹೊಣೆ

ಕಳೆದ ಸಂಚಿಕೆಯಲ್ಲಿ ಸಾಗರ ಕಡೆಯ ಓದುಗರೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಹಗಲು ಅವರಿಗೆ ಸಹಕಾರ ಸಂಘದಲ್ಲಿ ಕೆಲಸ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಊರಿನ ಅನುದಾನಿತ ಪ್ರೌಢಶಾಲೆಯ ಮಕ್ಕಳಿಗೆ ಅಥ್ಲೆಟಿಕ್ಸ್ ಕಲಿಸುತ್ತಾರೆ. ಕಾಯಂ ದೈಹಿಕ ಶಿಕ್ಷಕರು ನಿವೃತ್ತರಾದ ಮೇಲೆ ಹುದ್ದೆ ತುಂಬಿಲ್ಲ. ಹಾಗಾಗಿ ಆಡಳಿತ ಮಂಡಳಿ ಗೌರವಧನ ಕೊಟ್ಟು ಇವರನ್ನು ಕರೆದಿತ್ತು. ಈಗ ಮೈದಾನಕ್ಕೆ ಬರುವ ಮಕ್ಕಳು ನಲವತ್ತು ದಾಟಿದ್ದಾರೆ. ಕ್ರೀಡಾಕೂಟಕ್ಕೆ ಕರೆದುಕೊಂಡು ಹೋಗಬೇಕೆಂದರೆ ಸಂಘದಲ್ಲಿ ಸಂಬಳ ಕಡಿತದ ರಜೆ. ‘ಈ ಸಲ ಜಿಲ್ಲೆಗೆ ಹೋಗಲೇಬೇಕು’ ಎನ್ನುತ್ತಾರೆ ಮುಖ್ಯ ಶಿಕ್ಷಕರು. ‘ಸಾಕು, ಬಿಟ್ಟುಬಿಡು’ ಎನ್ನುತ್ತಾರೆ ಮನೆಯವರು. ಮುಂದುವರಿಸಲೇ, ಬಿಡಲೇ ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಹಲವರು ಹೆಸರು ಬೇಡ ಎಂದಿದ್ದರಿಂದ ಎಲ್ಲರದ್ದೂ ಊರು ಮಾತ್ರ ಕೊಟ್ಟಿದ್ದೇವೆ.

ಕುಂದಾಪುರದಿಂದ

ಅಕ್ಕಾ, ದಯವಿಟ್ಟು ಬಿಡಬೇಡಿ. ನಮ್ಮ ತಾಲ್ಲೂಕಿನ ಸಿದ್ದಾಪುರದ ಹತ್ತಿರ ಜನ್ಸಾಲೆ ಅಂತ ಹಳ್ಳಿ ಇದೆ. ಅಲ್ಲಿಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಗೆದ್ದರು. ರಿಲೇಯಲ್ಲೂ ಚಿನ್ನ ಬಂತು. ಆ ವರ್ಷ ನಮ್ಮ ಶಾಲೆಯ ಹುಡುಗಿಯರೆಲ್ಲ ಆಟದ ಅವಧಿಗೆ ಕಾಯುತ್ತಿದ್ದರು. ಅದಕ್ಕೆ ಮೊದಲು ಹೊಟ್ಟೆನೋವು, ತಲೆನೋವು ಅಂತ ಮರದ ಕೆಳಗೆ ಕೂರುತ್ತಿದ್ದವರು ಅವರೇ. ನಿಮ್ಮ ನಲವತ್ತು ಮಕ್ಕಳಲ್ಲಿ ಯಾರು ಹಾಗೆ ಬೆಳೆಯುತ್ತಾರೋ ಹೇಳಲು ಬರುವುದಿಲ್ಲ. ನೀವು ಬಿಟ್ಟರೆ ಅವರನ್ನು ನೋಡುವವರೇ ಇಲ್ಲ, ಅಲ್ವಾ?

*ಇಂಥ ಉತ್ಸಾಹದ ಪತ್ರಗಳು ಹಲವು ಬಂದಿವೆ. ಓದಿ ಖುಷಿಯಾಯಿತು. ಆದರೆ ನಮ್ಮ ಓದುಗರ ಕಷ್ಟ ಸದ್ಯಕ್ಕೆ ದಿನ ಸಾಗಿಸುವುದು. ತುಮಕೂರಿನ ಪತ್ರ ಆ ಕಡೆ ಬೊಟ್ಟು ಮಾಡುತ್ತದೆ.*

ತುಮಕೂರಿನಿಂದ

ನಿಮ್ಮ ಪತ್ರದಲ್ಲಿ ಮುಖ್ಯ ಶಿಕ್ಷಕರಿದ್ದಾರೆ, ಸಂಘದ ಕಾರ್ಯದರ್ಶಿ ಇದ್ದಾರೆ, ನಲವತ್ತು ಮಕ್ಕಳಿದ್ದಾರೆ. ನಿಮ್ಮ ಮಗನ ಬಗ್ಗೆ ಇರುವುದು ಒಂದೇ ಸಾಲು: ಅವನನ್ನು ಅತ್ತೆ ನೋಡಿಕೊಳ್ಳುತ್ತಾರೆ. ಅವರಿಗೆ ಆಗುತ್ತದಾ ಅಂತ ಕೇಳಿದ್ದೀರಾ?

*ಮಾತು ಗಡುಸಾಗಿದೆ, ಆದರೆ ಕೇಳಲೇಬೇಕಾದದ್ದು. ಬಿಡದೆಯೂ ಹೊರೆ ಇಳಿಸಿಕೊಳ್ಳಬಹುದು ಎನ್ನುತ್ತಾರೆ ಪುತ್ತೂರಿನ ನಿವೃತ್ತ ದೈಹಿಕ ಶಿಕ್ಷಕರು.*

ಪುತ್ತೂರಿನಿಂದ

ಮೇಡಂ, ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮಾಸ್ತರನಾಗಿ ನಿವೃತ್ತನಾದವನು. ಇಡೀ ದಿನ ಶಾಲೆಯಲ್ಲೇ ಇರುತ್ತಿದ್ದ ನನಗೇ ನಲವತ್ತು ಮಕ್ಕಳನ್ನು ಒಂದೇ ಹೊತ್ತಿಗೆ ಸರಿಯಾಗಿ ನೋಡಲು ಆಗುತ್ತಿರಲಿಲ್ಲ. ನಿಮಗೆ ಹೇಗೆ ಆಗುತ್ತದೆ? ಮೊದಲು ಮಕ್ಕಳನ್ನು ಮೂರು ಗುಂಪು ಮಾಡಿ: ಓಟ, ಜಿಗಿತ, ಎಸೆತ. ಒಂದೊಂದು ಗುಂಪಿಗೂ ಹತ್ತನೇ ತರಗತಿಯ ಒಬ್ಬರನ್ನು ನಾಯಕರಾಗಿ ಮಾಡಿ. ವಾರ್ಮ್-ಅಪ್ ಅವರೇ ಮಾಡಿಸಲಿ. ಎಸೆತದ ಗುಂಪನ್ನು ಮಾತ್ರ ಮಕ್ಕಳ ಕೈಗೆ ಬಿಡಬೇಡಿ. ಗುಂಡು, ಜಾವೆಲಿನ್ ಹೊರಗೆ ಬಂದಾಗ ನೀವು ಅಲ್ಲೇ ಇರಬೇಕು. ನಿಮ್ಮ ವಿಸಿಲ್ ಆಗದೆ ಯಾರೂ ಎಸೆಯಬಾರದು, ಎಸೆದದ್ದನ್ನು ತರಲು ಹೋಗಬಾರದು.

ದಿನಾ ಎರಡು ಹೊತ್ತು ಬೇಡ. ವಾರಕ್ಕೆ ನಾಲ್ಕು ದಿನ, ಒಂದೇ ಹೊತ್ತು ಸಾಕು. ಜೋರಾಗಿ ಓಡಿಸಿದ ಮರುದಿನ ಹಗುರ ಅಭ್ಯಾಸ ಅಥವಾ ವಿಶ್ರಾಂತಿ. ಬೆಳೆಯುವ ಮಕ್ಕಳ ಮೂಳೆಗೆ ಅದು ಬೇಕೇ ಬೇಕು. 14 ವರ್ಷದೊಳಗಿನವರ ಶಾಲಾ ಕೂಟದಲ್ಲಿ ಅತಿ ದೂರದ ಓಟವೇ 600 ಮೀಟರ್. ಆ ವಯಸ್ಸಿನವರನ್ನು ಮೈಲಿಗಟ್ಟಲೆ ಓಡಿಸುವ ಅಗತ್ಯವೇ ಇಲ್ಲ.

ನಿಮ್ಮ ಕಡೆ ಮಳೆಗಾಲದಲ್ಲಿ ಮೈದಾನ ಕೆಸರಾಗಿರುತ್ತದೆ, ಕೂಟಗಳೂ ಅದೇ ಹೊತ್ತಿಗೆ ಶುರುವಾಗುತ್ತವೆ. ಜಗಲಿಯಲ್ಲಿ ಸ್ಕಿಪ್ಪಿಂಗ್, ಮಂಡಿ ಎತ್ತಿ ನಿಂತಲ್ಲೇ ಓಟ, ಬ್ಯಾಟನ್ ಬದಲಾವಣೆ ಮಾಡಿಸಿ. ನಡೆಯುತ್ತಾ ನಡೆಯುತ್ತಾ ಬ್ಯಾಟನ್ ಕೊಡುವುದನ್ನು ಕಲಿತ ಮಕ್ಕಳು ಓಡುವಾಗಲೂ ಬೀಳಿಸುವುದು ಕಡಿಮೆ. ಇನ್ನೊಂದು ವಿಷಯ. 2017ರ ನವೆಂಬರ್‌ನಿಂದ 4x100 ರಿಲೇಯಲ್ಲಿ ಬ್ಯಾಟನ್ ಬದಲಾಯಿಸುವ ಜಾಗ 30 ಮೀಟರ್ ಆಗಿದೆ. ಹಳೆಯ 20 ಮೀಟರ್ ಗುರುತಿನಲ್ಲೇ ಅಭ್ಯಾಸ ಮಾಡಿಸಿದರೆ ಮಕ್ಕಳು ಕೂಟಕ್ಕೆ ಹೋದಾಗ ಗೊಂದಲವಾಗುತ್ತದೆ. ಹೈಜಂಪ್‌ಗೆ ಫೋಮ್ ಬೆಡ್ ಇಲ್ಲ ಎಂದು ಬರೆದಿದ್ದೀರಿ. ಹಾಗಿದ್ದರೆ ಮರಳಿನ ಮೇಲೆ ಬೆನ್ನು ಹಾಕಿ ಹಾರಲು ಬಿಡಲೇಬೇಡಿ. ಕುತ್ತಿಗೆಗೆ ಅಪಾಯ. ಒಂದಾದ ಮೇಲೊಂದು ಕಾಲು ಎತ್ತಿ ದಾಟಿ, ಕಾಲ ಮೇಲೇ ಇಳಿಯುವ ಕತ್ತರಿ ಜಿಗಿತ ಮಾತ್ರ.

ಮುಖ್ಯವಾದ ಮಾತು ಇದು. ಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಶಾಲೆಯ ಕೆಲಸ, ನಿಮ್ಮದಲ್ಲ. ತಂಡದ ವ್ಯವಸ್ಥಾಪಕರಾಗಿ ಸಹಿ ಹಾಕುವವರು ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರುವ ಶಿಕ್ಷಕರೇ ಆಗಿರಲಿ. ಹುಡುಗಿಯರ ಜೊತೆ ಒಬ್ಬರು ಶಿಕ್ಷಕಿ ಹೋಗಲಿ. ದಾರಿಯಲ್ಲಿ ಮಗುವಿಗೆ ಏನಾದರೂ ಆದರೆ ‘ಆಯಮ್ಮ ನಮ್ಮ ನೌಕರರಲ್ಲ’ ಎಂದು ಶಾಲೆ ಕೈ ತೊಳೆದುಕೊಳ್ಳಬಹುದು. ನಿಮ್ಮ ಕೆಲಸ ಏನು, ಎಷ್ಟು ಹೊತ್ತು, ಎಲ್ಲಿಯವರೆಗೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ. ಕೊಡುವುದಿಲ್ಲ ಎಂದರೆ ಆಗ ಬಿಡುವ ಯೋಚನೆ ಮಾಡಿ, ಅದಕ್ಕೆ ಮೊದಲು ಬೇಡ.

*ಆ ಒಂದು ಹಾಳೆಯ ಮಾತನ್ನು ನಾವು ಅಡಿಗೆರೆ ಎಳೆದು ಇಟ್ಟುಕೊಂಡೆವು. ಮುಖ್ಯ ಶಿಕ್ಷಕರ ಕಡೆಯ ಮಾತೂ ಬರಲಿ.*

ಹಾವೇರಿಯಿಂದ

ನಾನೂ ಅನುದಾನಿತ ಶಾಲೆಯೊಂದರ ಮುಖ್ಯ ಶಿಕ್ಷಕ. ಹುದ್ದೆ ಖಾಲಿಯಾದರೆ ತುಂಬಲು ಸರ್ಕಾರದ ಅನುಮತಿ ಬೇಕು. ವರ್ಷಗಟ್ಟಲೆ ಕಡತ ಓಡಾಡುತ್ತದೆ. ಅಷ್ಟರಲ್ಲಿ ಹೋಬಳಿ ಮಟ್ಟದ ಕೂಟ ಬಂದೇ ಬಿಡುತ್ತದೆ. ಮಕ್ಕಳನ್ನು ಕಳಿಸದಿದ್ದರೆ ಇಲಾಖೆ ಕೇಳುತ್ತದೆ, ಪಾಲಕರು ಕೇಳುತ್ತಾರೆ. ಆಡಳಿತ ಮಂಡಳಿಯವರು ತಮ್ಮ ಕೈಯಿಂದ ಗೌರವಧನ ಕೊಡಬೇಕು. ಪದಕ ಬಂತು ಎಂದರೆ ಅವರ ಮುಂದೆ ಅದನ್ನು ಹೆಚ್ಚಿಸಿ ಎಂದು ಕೇಳಲು ನಮಗೊಂದು ದಾರಿ. ‘ಜಿಲ್ಲೆಗೆ ಹೋಗಲೇಬೇಕು’ ಎಂದು ಅವರು ಹೇಳಿದ್ದರಲ್ಲಿ ಈ ಆಸೆಯೂ ಇದ್ದೀತು. ಒಮ್ಮೆ ಕೂತು ಮಾತಾಡಿ. ನಮಗೆ ನಿಮ್ಮಂಥವರು ಸಿಗುವುದು ಕಷ್ಟ.

*ಸಿಗುವುದು ಕಷ್ಟ ಎಂದಾದರೆ ಉಳಿಸಿಕೊಳ್ಳುವ ಹೊಣೆಯೂ ಶಾಲೆಯದ್ದೇ. ಹುಬ್ಬಳ್ಳಿಯ ಓದುಗರ ಪತ್ರ ದೀರ್ಘವಾಗಿದೆ. ಒಂದು ಸಾಲನ್ನೂ ಕತ್ತರಿಸಿಲ್ಲ.*

ಹುಬ್ಬಳ್ಳಿಯಿಂದ

ಅಕ್ಕಾ, ನನಗೆ ತರಬೇತಿ ಕೊಟ್ಟು ಗೊತ್ತಿಲ್ಲ. ನಿಮ್ಮಂಥವರೊಬ್ಬರ ಕೈಯಲ್ಲಿ ಕಲಿತವಳು ನಾನು. ಅವರು ನಡುವೆ ಬಿಟ್ಟು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಎಂಟು, ಒಂಬತ್ತನೇ ತರಗತಿಯಲ್ಲಿ ನಾನು 800 ಮೀಟರ್ ಓಡುತ್ತಿದ್ದೆ. ಸರ್‌ಗೆ ಹಗಲು ಗೊಬ್ಬರದ ಅಂಗಡಿ. ನಸುಕಿನಲ್ಲಿ ಟಿವಿಎಸ್ ಮೇಲೆ ಬರುತ್ತಿದ್ದರು. ಅವರ ಹತ್ತಿರ ಉದ್ದನೆಯ ಒಂದು ನೋಟ್‌ಬುಕ್ ಇತ್ತು. ಯಾರು ಎಷ್ಟು ಸೆಕೆಂಡಿಗೆ ಓಡಿದರು ಎಂಬುದಷ್ಟೇ ಅಲ್ಲ, ಯಾರಿಗೆ ಎಲ್ಲಿ ನೋವು, ಯಾರು ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದಾರೆ, ಯಾವ ಹುಡುಗಿಗೆ ಇವತ್ತು ಹಗುರ ಓಟ ಸಾಕು, ಎಲ್ಲಾ ಅದರಲ್ಲಿ ಇರುತ್ತಿತ್ತು. ಹುಡುಗಿಯರು ಮುಟ್ಟಿನ ವಿಷಯ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ‘ಇವತ್ತು ನಡಿಗೆ ಸರ್’ ಎಂದರೆ ಸಾಕು, ಮತ್ತೇನೂ ಕೇಳದೆ ಬರೆದುಕೊಳ್ಳುತ್ತಿದ್ದರು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ತಾಲ್ಲೂಕು ಕೂಟ ಮುಗಿದ ಮೇಲೆ ಅವರು ಬರುವುದು ನಿಂತಿತು. ಜಿಲ್ಲಾ ಕೂಟ ಹತ್ತಿರದಲ್ಲಿತ್ತು. ಯಾಕೆ ಬರುತ್ತಿಲ್ಲ ಎಂದು ನಮಗೆ ಯಾರೂ ಹೇಳಲಿಲ್ಲ. ನಾವು ಮೈದಾನಕ್ಕೆ ಬಂದು ಕಾಯುತ್ತಿದ್ದೆವು. ನಾವೇ ಏನೋ ತಪ್ಪು ಮಾಡಿರಬೇಕು, ಸರ್ ಸಿಟ್ಟಾಗಿದ್ದಾರೆ ಅಂದುಕೊಂಡೆವು. ಗೌರವಧನ ಎಷ್ಟೋ ತಿಂಗಳಿಂದ ಕೊಟ್ಟಿರಲಿಲ್ಲ, ಅಂಗಡಿಯ ವ್ಯಾಪಾರವೂ ಕೆಟ್ಟಿತ್ತು ಎಂದು ಗೊತ್ತಾಗಿದ್ದು ನಾನು ಕಾಲೇಜು ಸೇರಿದ ಮೇಲೆ.

ಅವರ ಜಾಗಕ್ಕೆ ಬೇರೆ ವಿಷಯದ ಶಿಕ್ಷಕರೊಬ್ಬರನ್ನು ಹಾಕಿದರು. ಒಳ್ಳೆಯವರು. ಆದರೆ ಅವರಿಗೆ ಓಟದ ಬಗ್ಗೆ ಏನೂ ಗೊತ್ತಿರಲಿಲ್ಲ, ನೋಟ್‌ಬುಕ್ಕೂ ಅವರ ಕೈಗೆ ಬಂದಿರಲಿಲ್ಲ. ಮೈದಾನ ಹಸಿಯಾಗಿದೆ ಎಂದು ದಿನಾ ಡಾಂಬರು ರಸ್ತೆಯ ಮೇಲೆ ಓಡಿಸಿದರು. ನನಗೆ ಮೊಣಕಾಲಿನ ಕೆಳಗೆ ಮುಂದಿನ ಎಲುಬಿನಲ್ಲಿ ನೋವು ಶುರುವಾಯಿತು. ಸರ್ ಅದನ್ನು ಮೊದಲೇ ಗಮನಿಸಿ ನನ್ನ ಓಟ ಕಡಿಮೆ ಮಾಡಿದ್ದರು. ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು? ‘ಓಡ್ತಾ ಓಡ್ತಾ ಸರಿ ಹೋಗುತ್ತದೆ’ ಎಂದರು. ಮೊದಲು ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮನೆಯಲ್ಲೂ ನಾಟಕ ಅಂದುಕೊಂಡರು. ಕೆಲವು ವಾರ ಬಿಟ್ಟು ಮತ್ತೆ ತೆಗೆಸಿದಾಗ ಡಾಕ್ಟರು ಎಲುಬಿನಲ್ಲಿ ಸಣ್ಣ ಬಿರುಕು ತೋರಿಸಿದರು. ಜಿಲ್ಲಾ ಕೂಟಕ್ಕೆ ಹೋಗಲಿಲ್ಲ. ಮರುವರ್ಷ ಎಸ್ಸೆಸ್ಸೆಲ್ಸಿ. ‘ಇನ್ನು ಸಾಕು’ ಎಂದರು ಅಪ್ಪ. ಅಲ್ಲಿಗೆ ಮುಗಿಯಿತು.

ಸರ್ ಮೇಲೆ ನನಗೆ ಸಿಟ್ಟಿಲ್ಲ. ದುಡ್ಡಿಲ್ಲದೆ ಅವರಾದರೂ ಎಷ್ಟು ದಿನ ಬಂದಾರು? ಈಗ ನಾನೂ ದುಡಿಯುವವಳು, ನನಗೆ ಅರ್ಥವಾಗುತ್ತದೆ. ಆದರೆ ಹೇಳದೇ ಹೋದರಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಒಂದು ದಿನ ಬಂದು, ‘ಮಕ್ಕಳೇ, ನನಗೆ ಇನ್ನು ಆಗುವುದಿಲ್ಲ, ಇದು ನಿಮ್ಮ ತಪ್ಪಲ್ಲ’ ಎಂದಿದ್ದರೆ ಸಾಕಿತ್ತು.

ನೀವು ಮುಂದುವರಿಯಿರಿ ಎಂದಾಗಲಿ, ಬಿಡಿ ಎಂದಾಗಲಿ ನಾನು ಹೇಳುವುದಿಲ್ಲ. ಬಿಡುವುದಾದರೆ ಕೂಟಗಳೆಲ್ಲ ಮುಗಿದ ಮೇಲೆ ಬಿಡಿ. ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಹೇಳಿ. ಯಾವ ಮಗುವಿಗೆ ಎಲ್ಲಿ ನೋವಿದೆ ಎಂದು ನಿಮ್ಮ ಜಾಗಕ್ಕೆ ಬರುವವರಿಗೆ ಬರೆದು ಕೊಟ್ಟು ಹೋಗಿ. ಇಷ್ಟು ಮಾಡಿ ಅಕ್ಕಾ.

*ಮುಂದುವರಿದರೂ, ಬಿಟ್ಟರೂ ಅಂಥದ್ದೊಂದು ನೋಟ್‌ಬುಕ್ ಇರಲೇಬೇಕು ಎಂದು ನಮಗೂ ಅನಿಸಿತು. ಇನ್ನೂ ಮೂರು ಪತ್ರಗಳಿವೆ.*

ರಾಯಚೂರಿನಿಂದ

ಮುಂದುವರಿಯಬೇಕಾ, ಬಿಡಬೇಕಾ ಎಂದು ಒಬ್ಬ ಹೆಣ್ಣುಮಗಳು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಕೇಳಬೇಕಾದದ್ದು ಹುದ್ದೆ ಯಾಕೆ ತುಂಬಿಲ್ಲ ಎಂದು. ನಾನು ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಮಾಡಿದವನು, ಅತಿಥಿ ಶಿಕ್ಷಕನಾಗಿ ದುಡಿಯುತ್ತಿದ್ದೇನೆ. ದೈಹಿಕ ಶಿಕ್ಷಕರ ಸಮಸ್ಯೆ ಬಗ್ಗೆ ಪ್ರೊ. ಎಲ್.ಆರ್. ವೈದ್ಯನಾಥನ್ ಅವರ ವರದಿ ಇದೆ. ಅದನ್ನು ಪೂರ್ತಿ ಜಾರಿ ಮಾಡಿ, ಉಳಿದ ಶಿಕ್ಷಕರಂತೆ ನಮ್ಮನ್ನೂ ಪರಿಗಣಿಸಿ ಎಂದು ದೈಹಿಕ ಶಿಕ್ಷಕರು ಎಷ್ಟೋ ಸಲ ಧರಣಿ ಕೂತಿದ್ದಾರೆ. ನೀವು ಕಡಿಮೆ ದುಡ್ಡಿಗೆ ಕೆಲಸ ಸಾಗಿಸಿಕೊಟ್ಟಷ್ಟೂ ಆ ಹುದ್ದೆ ಖಾಲಿಯೇ ಉಳಿಯುತ್ತದೆ. ಬೇಜಾರಾಗಬೇಡಿ. ಇದನ್ನು ಯಾರಾದರೂ ನಿಮಗೆ ಹೇಳಲೇಬೇಕಿತ್ತು.

ಅಮೆರಿಕದ ನ್ಯೂಜೆರ್ಸಿಯಿಂದ

ಇಲ್ಲಿ ನನ್ನ ಮಗಳ ಹೈಸ್ಕೂಲಿನ ಟ್ರ್ಯಾಕ್ ಕೋಚ್ ಕೂಡ ಪೂರ್ಣಾವಧಿಯವರಲ್ಲ. ಹಗಲು ವಿಜ್ಞಾನ ಪಾಠ ಮಾಡುತ್ತಾರೆ. ಕೋಚ್ ಕೆಲಸಕ್ಕೆ ಸೀಸನ್ ಲೆಕ್ಕದಲ್ಲಿ ಬೇರೆ ಒಪ್ಪಂದ, ಬೇರೆ ದುಡ್ಡು. ಶರತ್ಕಾಲದಲ್ಲಿ ಕ್ರಾಸ್ ಕಂಟ್ರಿ, ವಸಂತದಲ್ಲಿ ಟ್ರ್ಯಾಕ್. ಸೀಸನ್ ಮುಗಿದರೆ ಅವರ ಹೊಣೆಯೂ ಮುಗಿಯಿತು. ಮುಂದಿನ ಸಲ ಬೇಕೋ ಬೇಡವೋ ಎಂದು ಇಬ್ಬರೂ ಮತ್ತೆ ಯೋಚಿಸಬಹುದು. ನೀವೂ ವರ್ಷಪೂರ್ತಿ ಒಪ್ಪಿಕೊಳ್ಳುವ ಬದಲು ಜೂನ್‌ನಿಂದ ಕೂಟಗಳು ಮುಗಿಯುವವರೆಗೆ ಮಾತ್ರ ಎಂದು ಹೇಳಿ ನೋಡಬಹುದಲ್ಲ?

ಚಿಕ್ಕಮಗಳೂರಿನಿಂದ

ಈ ಪತ್ರ ಓದಿದಾಗ ನನ್ನದೇ ಒಂದು ಪ್ರಶ್ನೆ ಎದ್ದಿತು. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಲಾಂಗ್ ಜಂಪ್‌ನಲ್ಲಿ ಚೆನ್ನಾಗಿ ಮಾಡುತ್ತಾಳೆ. ಓದು ಹಾಳಾಗುತ್ತದೆ ಎಂದು ಮನೆಯವರು ನಿಲ್ಲಿಸಿದ್ದಾರೆ. ನಿಲ್ಲಿಸಿದ ಮೇಲೆ ಅವಳು ಓದುತ್ತಲೂ ಇಲ್ಲ, ಸುಮ್ನೆ ಮೊಬೈಲ್ ಹಿಡಿದು ಕೂರುತ್ತಾಳೆ. ಅವಳ ತರಬೇತುದಾರರೂ ಪಾರ್ಟ್‌ಟೈಮ್. ನಿಲ್ಲಿಸಿದ್ದು ಯಾಕೆ ಅಂತ ನಮ್ಮ ಮನೆಗೇ ಬಂದು ವಿಚಾರಿಸಿದವರು ಅವರೊಬ್ಬರೇ. ನಾವು ಮಾಡಿದ್ದು ಸರಿಯಾ?

*ಚಿಕ್ಕಮಗಳೂರಿನ ತಾಯಿಯ ಪ್ರಶ್ನೆಯನ್ನು ಮುಂದಿನ ಸಂಚಿಕೆಯಲ್ಲಿ ಓದುಗರ ಮುಂದಿಡುತ್ತೇವೆ. ತರಬೇತುದಾರರು ಮನೆಗೆ ಬಂದು ಹೇಳಿದ್ದೇನು ಎಂದೂ ಅವರು ತಿಳಿಸಿದರೆ ಉತ್ತರ ಬರೆಯುವವರಿಗೆ ಅನುಕೂಲ.*

*ಎಲ್ಲ ಪತ್ರಗಳ ಪ್ರತಿಯನ್ನು ಸಾಗರದ ಓದುಗರಿಗೆ ಕಳಿಸಿದ್ದೇವೆ. ಶಾಲೆಯ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಏನೇನಿರಬೇಕು ಎಂದು ಪುತ್ತೂರಿನ ಮಾಸ್ತರರು ಕೈಬರಹದಲ್ಲಿ ಒಂದು ಮಾದರಿ ಬರೆದುಕೊಟ್ಟಿದ್ದಾರೆ: ಗಂಟೆ, ಗೌರವಧನ ಕೊಡುವ ದಿನಾಂಕ, ಕೂಟಕ್ಕೆ ಯಾರು ಹೋಗಬೇಕು, ಪೆಟ್ಟಾದರೆ ಯಾರು ಆಸ್ಪತ್ರೆಗೆ ಕರೆದೊಯ್ಯಬೇಕು, ಎಷ್ಟು ದಿನ ಮೊದಲು ಹೇಳಿ ಬಿಡಬಹುದು. ಇದೇ ಕೆಲಸದಲ್ಲಿರುವ ಬೇರೆಯವರೂ ಕೇಳಿದರೆ ಕಳಿಸಿಕೊಡುತ್ತೇವೆ. — ಸಂ.*