ಮೆಟಾಲಿಕಾ ಬಿಡ್ಲಿಕ್ಕೆ ಆಗುದಿಲ್ಲ, ಬೈಯುವವರಿಗೆ ಎಂತ ಹೇಳುದು?

ಬದಿಯಡ್ಕದವ:
ಎಲ್ರಿಗೂ ನಮಸ್ಕಾರ. ಮೆಟಾಲಿಕಾ, ಅಂದ್ರೆ ಅಮೆರಿಕದ ಆ ಹೆವಿ ಮೆಟಲ್ ಬ್ಯಾಂಡ್, ಕೇಳ್ಲಿಕ್ಕೆ ಶುರು ಮಾಡಿ ನನಗೆ ಇಪ್ಪತ್ತು ವರ್ಷ ಮೇಲಾಯ್ತು. ಮನೆಯಲ್ಲಿ ಅಜ್ಜ "ಎಂತ ಬೊಬ್ಬೆ ಅದು" ಅಂತ ಹೇಳ್ತಿದ್ರು, ಅದು ಬೇಜಾರಿಲ್ಲ. ಬೇಜಾರಾಗುದು ಮೆಟಲ್ ಕೇಳುವವರೇ ಬೈಯುವಾಗ. ಮೊನ್ನೆ ಮಂಗಳೂರಲ್ಲಿ ಫ್ರೆಂಡ್ ಮನೆಯಲ್ಲಿ ನಾಲ್ಕೈದು ಜನ ಸೇರಿದ್ದು, ನಾನು ಬ್ಯಾಂಡಿನ ಟೀಶರ್ಟ್ ಹಾಕಿದ್ದೆ, ಅಷ್ಟಕ್ಕೇ ಶುರು, 1991ರ ಬ್ಲ್ಯಾಕ್ ಆಲ್ಬಮಲ್ಲೇ ದುಡ್ಡಿಗೆ ಮಾರಿಕೊಂಡ್ರು, 96ರಲ್ಲಿ ಕೂದಲೂ ಕತ್ತರಿಸಿದ್ರು, ಇಂಟರ್ನೆಟಲ್ಲಿ ಹಾಡು ಪುಕ್ಕಟೆ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ವಿಷಯದಲ್ಲಿ ಫ್ಯಾನುಗಳ ಮೇಲೇ ಕೇಸ್ ಹಾಕಿದ್ರು, ಸೇಂಟ್ ಆ್ಯಂಗರ್ ಆಲ್ಬಮಿನ ಡ್ರಮ್ ಡಬ್ಬಿ ಬಡಿದ ಹಾಗೆ, ನಿನಗೆ ಇನ್ನೂ ಇದೇ ಬೇಕಾ ಅಂತ. ನನಗೆ ಬಾಯಿಗೆ ಉತ್ತರವೇ ಬರ್ಲಿಲ್ಲ. ವಾಪಸ್ ಟ್ರೈನಲ್ಲಿ ಇಯರ್‌ಫೋನ್ ಹಾಕಿ ಅವರ ಮಾಸ್ಟರ್ ಆಫ್ ಪಪೆಟ್ಸ್ ಹಾಡು ಇಟ್ಟೆ, ನೇತ್ರಾವತಿ ಸಂಕ ದಾಟುವಾಗ ನಡುವಿನ ಆ ನಿಧಾನದ ಭಾಗ ಬಂತು, ಮೈ ಜುಂ ಅಂತು. ಇದನ್ನು ಹೇಗೆ ಬಿಡುದು ಹೇಳಿ? ನೀವೆಲ್ಲ ಇಂಥ ಮಾತಿಗೆ ವಾದ ಮಾಡ್ತೀರಾ, ಸುಮ್ಮನಿರ್ತೀರಾ?

ಉಪ್ಪಳದ ಗಿಟಾರ್:
ಮಾರಾಯ್ರೆ, ಆ ಮಾರಿಕೊಂಡ್ರು ಅನ್ನುವ ಬೈಗುಳ 91ರದ್ದಲ್ಲ. 1984ರಲ್ಲಿ ಫೇಡ್ ಟು ಬ್ಲ್ಯಾಕ್ ಅಂತ ಒಂದು ನಿಧಾನದ ಹಾಡು ಹಾಕಿದ್ದಕ್ಕೇ ಅವರಿಗೆ ಇದೇ ಮಾತು ಬಿದ್ದದ್ದು, ಈಗ ಹಳೇ ಫ್ಯಾನುಗಳು ಅದೇ ಹಾಡನ್ನು ತಲೆ ಮೇಲೆ ಇಟ್ಕೊಂಡಿದ್ದಾರೆ.

ನ್ಯಾಪ್‌ಸ್ಟರ್ ವಿಷಯ ಮಾತ್ರ ನನಗೂ ಆಗ ನೋವಾದದ್ದು ಹೌದು. 2000ದಲ್ಲಿ ಕೇಸ್ ಹಾಕಿದ್ದು ಕಂಪನಿ ಮೇಲೆ, ಆದ್ರೆ ಮೂರು ಲಕ್ಷಕ್ಕಿಂತ ಜಾಸ್ತಿ ಯೂಸರ್‌ನೇಮ್ ಪಟ್ಟಿ ಕೊಟ್ಟು ಅವರನ್ನೆಲ್ಲ ತೆಗೆಯಿರಿ ಅಂತ ಕೇಳಿದ್ದೂ ಹೌದು. ನಮಗೆ ಆಗ ಒರಿಜಿನಲ್ ಎಲ್ಲಿ ಸಿಗ್ತಿತ್ತು? ನಾನು ಫಸ್ಟ್ ಕೇಳಿದ್ದೇ ಹಂಪನಕಟ್ಟೆ ಫುಟ್‌ಪಾತಿನ ಎಂಪಿತ್ರೀ ಸೀಡಿಯಲ್ಲಿ, ಒಂದರಲ್ಲೇ ಅವರ ಎಲ್ಲಾ ಆಲ್ಬಮ್. ನನ್ನಂಥವನನ್ನೇ ಹೊರಗೆ ಹಾಕಿದ ಹಾಗೆ ಅನ್ನಿಸಿತ್ತು. ಆದ್ರೆ ಮುಗಿಯದ ಹಾಡೊಂದು ಅವರಿಗೇ ಗೊತ್ತಿಲ್ಲದೆ ರೇಡಿಯೋದಲ್ಲಿ ಬಂದದ್ರಿಂದ ಅವರಿಗೆ ಸಿಟ್ಟು ಬಂದದ್ದು ಅಂತ ಆಮೇಲೆ ಓದಿದೆ, ಅದು ನ್ಯಾಯವೇ ಅಲ್ವಾ. 2011 ಅಕ್ಟೋಬರ್ 30ಕ್ಕೆ ಬೆಂಗಳೂರು ಪ್ಯಾಲೆಸ್ ಗ್ರೌಂಡಿಗೆ ಬಂದಾಗ ಸಂಬಳದಲ್ಲಿ ಉಳಿಸಿ ಟಿಕೆಟ್ ತೆಗೆದೆ, ಮಂಗಳೂರಿಂದ ನೈಟ್ ಬಸ್. ಎರಡು ದಿನ ಮುಂಚೆ ಡೆಲ್ಲಿ ಹತ್ರದ ಶೋ ನಿಂತು ಹೋಗಿತ್ತು, ಇಲ್ಲಿಯೂ ಆಗುದಿಲ್ಲವೋ ಏನೋ ಅಂತ ದಾರಿಯಿಡೀ ಹೆದರಿಕೆ. ಬ್ಯಾಂಡಲ್ಲಿ ಹಾಡುವ ಜೇಮ್ಸ್ ಹೆಟ್‌ಫೀಲ್ಡ್ ಸ್ಟೇಜಿಗೆ ಬಂದಾಗ ಕಣ್ಣಲ್ಲಿ ನೀರು ಬಂತು. ಟಿಕೆಟಿನ ತುಂಡು ಇವತ್ತಿಗೂ ಪರ್ಸಲ್ಲಿ ಉಂಟು.

ಕುಂಬಳೆ ಚೆಂಡೆ:
ನಾನು ಯಕ್ಷಗಾನಕ್ಕೆ ಚೆಂಡೆ ಬಾರಿಸುವವ, ಡ್ರಮ್ ವಿಷಯ ಮಾತ್ರ ಹೇಳ್ತೇನೆ. ಸ್ನೇರ್ ಡ್ರಮ್ಮಿನ ಅಡಿಯಲ್ಲಿ ಸಪೂರ ವಯರ್‌ಗಳಿರ್ತವೆ, ಅದು ಚರ್ಮಕ್ಕೆ ತಾಗಿದ್ರೇ ಆ ಚರ್ ಅಂತ ಶಬ್ದ. ಸೇಂಟ್ ಆ್ಯಂಗರಲ್ಲಿ ಅವರ ಡ್ರಮ್ಮರ್ ಲಾರ್ಸ್ ಆ ವಯರ್ ತಾಗದ ಹಾಗೆ ಸಡಿಲ ಬಿಟ್ಟೇ ಬಾರಿಸಿದ್ದು, ಹಾಗಾಗಿ ಡಣ್ ಡಣ್ ಅಂತ ಉಳೀತದೆ. ನನಗೂ ಇಷ್ಟ ಇಲ್ಲ, ಎರಡು ಹಾಡು ಕೇಳುವಾಗ ತಲೆನೋವು. ಇಷ್ಟ ಇಲ್ಲ ಅಂತ ಹೇಳಿದ್ರೆ ನಿಷ್ಠೆ ಕಡಿಮೆ ಆಗುದಿಲ್ಲ ಅಣ್ಣ. ನಮ್ಮಲ್ಲಿ ಭಾಗವತರಿಗೆ ಒಂದು ರಾತ್ರಿ ಸ್ವರ ಕೈ ಕೊಟ್ರೆ ಮಾರನೇ ದಿನ ಅದೇ ಮೇಳದ ಆಟಕ್ಕೆ ಹೋಗುದಿಲ್ವಾ? ನನ್ನ ನಿಜವಾದ ಸಿಟ್ಟು ಬೇರೆ ಉಂಟು. 1988ರ ಜಸ್ಟಿಸ್ ಆಲ್ಬಮಲ್ಲಿ ನ್ಯೂಸ್ಟೆಡ್‌ನ ಬಾಸ್ ಗಿಟಾರ್ ಕೇಳುದೇ ಇಲ್ಲ. ಮೊದಲು ಬಾಸ್ ಬಾರಿಸುತ್ತಿದ್ದ ಕ್ಲಿಫ್ ಬರ್ಟನ್ 86ರಲ್ಲಿ ಸ್ವೀಡನ್ನಿನಲ್ಲಿ ಬಸ್ ಮಗುಚಿ ತೀರಿಹೋದ ಮೇಲೆ ಅವನ ಜಾಗಕ್ಕೆ ಬಂದ ಹುಡುಗ, ಅವನು ಬಾರಿಸಿದ್ದನ್ನೇ ಅಡಗಿಸಿದ್ದು ತಪ್ಪು. ಇದನ್ನು ಯಾರ ಎದುರೂ ಹೇಳ್ತೇನೆ.

ಪೆರ್ಲ ಘಾಟಿ:
ನನಗೆ ಆಲ್ಬಮ್ ಲೆಕ್ಕ ಎಲ್ಲ ಅಷ್ಟು ಗೊತ್ತಿಲ್ಲ. ನಮ್ಮ ಮಾವ ಕುಡಿತದಿಂದ ಹೋದವರು, ಚಿಕಿತ್ಸೆಗೆ ಕರ್ಕೊಂಡು ಹೋದ್ರೆ ಊರಲ್ಲಿ ಮಾನ ಹೋಗ್ತದೆ ಅಂತ ಮನೆಯವರು ಮುಚ್ಚಿಟ್ಟದ್ದು. ಹೆಟ್‌ಫೀಲ್ಡ್ 2001ರಲ್ಲಿ ಒಮ್ಮೆ, 2019ರಲ್ಲಿ ಟೂರ್ ನಿಲ್ಲಿಸಿ ಪುನಃ ಚಿಕಿತ್ಸೆಗೆ ಹೋದದ್ದು ಇಡೀ ಪ್ರಪಂಚಕ್ಕೆ ಗೊತ್ತು. ಎರಡನೇ ಸಲದ ಸುದ್ದಿ ಓದಿದ ದಿನ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಅದಕ್ಕೇ ನಾನು ಬಿಡುದಿಲ್ಲ.

ಬದಿಯಡ್ಕದವ:
ಪೆರ್ಲದವರೇ, ಇದನ್ನು ಬರೆದದ್ದು ಒಳ್ಳೆದಾಯ್ತು. ಚೆಂಡೆಯವರೇ, ಶನಿವಾರ ಕುಂಬಳೆಗೆ ಬರ್ಲಿಕ್ಕುಂಟು, ಒಳ್ಳೆ ಹೆಡ್‌ಫೋನ್ ತರ್ತೇನೆ, ಜಸ್ಟಿಸ್ ಒಟ್ಟಿಗೆ ಕೇಳುವ, ಆ ಬಾಸ್ ಎಲ್ಲಿಯಾದ್ರೂ ಚೂರಾದ್ರೂ ಸಿಗ್ತದಾ ನೋಡುವ.